ಹಳೆಯ ಕೋವಿ ಯಾರ ಕೈಯಲ್ಲಿರಬೇಕು?

(ಕುವೈತ್‌ನಲ್ಲಿ ನೆಲೆಸಿರುವ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಜಹ್ರಾದ ಕೆಂಪು ಕೋಟೆಯನ್ನು ಕಂಡವರು ಈ ಸಭೆಯಲ್ಲಿ ಅನೇಕರಿರಬಹುದು. 1920ರ ಅಕ್ಟೋಬರಿನಲ್ಲಿ ಶೇಖ್ ಸಾಲಿಂ ಅಲ್-ಮುಬಾರಕ್ ಮತ್ತು ಆತನ ಜನರು ಇಖ್ವಾನ್ ಪಡೆಯ ಮುತ್ತಿಗೆಯನ್ನು ಎದುರಿಸಿದ್ದು ಆ ಮಣ್ಣಿನ ಗೋಡೆಗಳ ಹಿಂದೆ ನಿಂತು. ರಜಾದಿನದಲ್ಲಿ ಮಕ್ಕಳೊಂದಿಗೆ ಅಲ್ಲಿಗೆ ಹೋಗುವವರು ಸಾಮಾನ್ಯವಾಗಿ ಕೇಳದ ಪ್ರಶ್ನೆಯೊಂದಿದೆ: ಬಂದೂಕು ತಯಾರಿಸುವ ಕಾರ್ಖಾನೆಯೇ ಇಲ್ಲದ ಈ ಸೀಮೆಗೆ ರೈಫಲುಗಳು ಬಂದದ್ದು ಎಲ್ಲಿಂದ? ಉತ್ತರದ ದೊಡ್ಡ ಪಾಲು ಯೂರೋಪಿನ ಸೇನಾ ಉಗ್ರಾಣಗಳಲ್ಲಿದೆ. ಅಲ್ಲಿಂದ ಹೊರಟ ಹಾದಿ ನೇರವಾಗಿ ಭಾರತ ಸರ್ಕಾರದ ಕಡತಗಳಿಗೆ, ಕೊನೆಗೆ ಕೊಡಗಿನ ಐನ್‌ಮನೆಗಳಿಗೂ ತಲುಪುತ್ತದೆ.

ಸೇನೆಯೊಂದು ಆಯುಧ ಬದಲಿಸಿದಾಗ ಹಳೆಯದನ್ನೆಲ್ಲ ಕರಗಿಸಿಬಿಡುವುದಿಲ್ಲ. ಮಾರುವುದೇ ಹೆಚ್ಚಿನ ವಾಡಿಕೆ. ಬ್ರಿಟನ್ 1871ರಲ್ಲಿ ಸ್ವೀಕರಿಸಿದ ಮಾರ್ಟಿನಿ-ಹೆನ್ರಿ, ಒಂದು ಸಲಕ್ಕೆ ಒಂದೇ ಗುಂಡು ಹಾರಿಸುವ ರೈಫಲು. 1886ರಲ್ಲಿ ಫ್ರಾನ್ಸ್ ಹೊಗೆರಹಿತ ಮದ್ದಿನ ಲೆಬೆಲ್ ರೈಫಲನ್ನು ತಂದದ್ದೇ ತಡ, ಯೂರೋಪಿನ ಎಲ್ಲ ಸೇನೆಗಳ ಆಯುಧವೂ ಒಮ್ಮೆಗೇ ಹಳತಾಯಿತು. 1888ರಲ್ಲಿ ಬ್ರಿಟನ್ ಲೀ-ಮೆಟ್‌ಫರ್ಡ್‌ಗೆ ಬದಲಾಯಿತು. ಹೀಗೆ ಬೇಡವಾದ ಬಂದೂಕುಗಳು ವ್ಯಾಪಾರಿಗಳ ಕೈಸೇರಿ ಮಸ್ಕತ್ತಿಗೆ, ಅಲ್ಲಿಂದ ಹಾಯಿಹಡಗುಗಳಲ್ಲಿ ಕುವೈತಿಗೆ, ಪರ್ಷಿಯಾದ ಕರಾವಳಿಗೆ, ಮಕ್ರಾನಿನ ಮೂಲಕ ಅಫ್ಘಾನ್ ಗಡಿಗೆ ಸಾಗಿದವು. ಮಾರಾಟದ ಲಾಭ ಪಡೆದವರಲ್ಲಿ ಬ್ರಿಟಿಷ್ ವರ್ತಕರೂ ಇದ್ದರು. ಅದೇ ಗುಂಡಿಗೆ ಎದೆಯೊಡ್ಡಿದವರು ಗಡಿಯಲ್ಲಿ ಕಾವಲಿದ್ದ ಸೈನಿಕರು, ಅವರಲ್ಲಿ ಬಹುಪಾಲು ಭಾರತೀಯರು.

ಆಗ ಕುವೈತಿನ ವಿದೇಶ ವ್ಯವಹಾರ ಭಾರತದ ಬ್ರಿಟಿಷ್ ಸರ್ಕಾರದ ಕಣ್ಗಾವಲಿನಲ್ಲಿತ್ತು. (ಇಲ್ಲಿ 1961ರವರೆಗೂ ರೂಪಾಯಿಯೇ ಚಲಾವಣೆಯಲ್ಲಿತ್ತೆಂಬುದನ್ನು ಹಿರಿಯ ವಲಸಿಗರು ಇಂದಿಗೂ ಸಂತೋಷದಿಂದ ಹೇಳುತ್ತಾರೆ.) 1899ರ ರಹಸ್ಯ ಒಪ್ಪಂದದ ಮರುವರ್ಷ, 1900ರ ಮೇ 24ರಂದು, ಶೇಖ್ ಮುಬಾರಕ್ ಶಸ್ತ್ರಗಳ ಆಮದು ಮತ್ತು ರಫ್ತನ್ನು ನಿಷೇಧಿಸುವ ಇನ್ನೊಂದು ಒಪ್ಪಂದಕ್ಕೆ ಸಹಿ ಹಾಕಿದ. ಸಹಿಯಿಂದ ವ್ಯಾಪಾರ ನಿಲ್ಲಲಿಲ್ಲ. ಮುಂದಿನ ದಶಕದ ಕೊನೆಗೆ ಬ್ರಿಟಿಷ್ ನೌಕಾಪಡೆ ಕೊಲ್ಲಿಯಲ್ಲಿ ಹಡಗು ತಡೆದು ಶೋಧಿಸತೊಡಗಿತು. 1910ರ ಡಿಸೆಂಬರಿನಲ್ಲಿ ಹಯಸಿಂತ್ ಎಂಬ ಯುದ್ಧನೌಕೆಯ ಸಿಬ್ಬಂದಿ ರೈಫಲುಗಳನ್ನು ಹುಡುಕಲು ದುಬೈಯಲ್ಲಿ ಇಳಿದಾಗ ನಡೆದ ಕಾಳಗದಲ್ಲಿ ಹಲವಾರು ಊರವರು ಪ್ರಾಣ ತೆತ್ತರು. ತಾನು ಹಳತೆಂದು ಬಿಸುಟ ವಸ್ತುವನ್ನು ಮರಳಿ ಕಿತ್ತುಕೊಳ್ಳಲು ಸಾಮ್ರಾಜ್ಯವೊಂದು ಇಷ್ಟು ಶ್ರಮಪಟ್ಟದ್ದು ವಿಚಿತ್ರವೆನಿಸಬಹುದು. ಆದರೆ ಅದು ಹೆದರಿದ್ದು ಬಂದೂಕಿಗಲ್ಲ, ಅದನ್ನು ಹಿಡಿದ ಕೈಗೆ.

ಆ ಮಾರ್ಟಿನಿಗಳು ಇಂದು ಸಂಗ್ರಾಹಕರ ಪ್ರೀತಿಯ ವಸ್ತುಗಳು. 2003ರಲ್ಲಿ ಕಾಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯ ಶಸ್ತ್ರಾಗಾರದಿಂದ ಸಾವಿರಾರು ಕೋವಿಗಳು ಅಮೆರಿಕದ ವರ್ತಕರಿಗೆ ಮಾರಾಟವಾದವು. 1898ರವರೆಗೆ ತಯಾರಾದ ಬಂದೂಕು ಅಲ್ಲಿನ ಒಕ್ಕೂಟದ ಕಾಯಿದೆಯ ಪ್ರಕಾರ ಪುರಾತನ ವಸ್ತು. ಅದನ್ನು ಹಾರಿಸುವುದರಲ್ಲಿ ಒಂದು ಸುಖವಿದೆ ಎಂಬುದನ್ನು ಪ್ರಗತಿಪರರೆನಿಸಿಕೊಂಡವರು ಅಲ್ಲಗಳೆಯಬೇಕಾಗಿಲ್ಲ. ಹಿಡಿಯ ಕೆಳಗಿನ ಸನ್ನೆಯನ್ನು ಕೆಳಕ್ಕೆ ಎಳೆದೊಡನೆ ಉಕ್ಕಿನ ದಿಮ್ಮಿ ತಗ್ಗಿ ಖಾಲಿ ಕೋಶ ಹೊರಕ್ಕೆ ಜಿಗಿಯುತ್ತದೆ. ಇನ್ನೊಂದು ಕಾಡತೂಸನ್ನು ಬೆರಳಿನಿಂದ ಒಳನೂಕಿ ಸನ್ನೆಯನ್ನು ಎತ್ತಿದರೆ ಬಂದೂಕು ಸಿದ್ಧ. ಸುಮಾರು 31 ಗ್ರಾಂ ತೂಗುವ ಸೀಸದ ಗುಂಡು ಹೊರಟಾಗ ಭುಜಕ್ಕೆ ಬೀಳುವ ಒದೆತ ಸಣ್ಣದಲ್ಲ. ಕರಿಮದ್ದಿನ ಬಿಳಿ ಹೊಗೆ ಗುರಿಯನ್ನೇ ಮರೆಮಾಡುತ್ತದೆ. ಆಮೇಲೆ ನಳಿಗೆಯನ್ನು ನೀರಿನಿಂದ ತೊಳೆದು ಒರೆಸಿ ಎಣ್ಣೆ ಹಚ್ಚದಿದ್ದರೆ ಮದ್ದಿನ ಕಿಟ್ಟ ತೇವ ಹೀರಿ ಉಕ್ಕನ್ನು ತಿನ್ನುತ್ತದೆ.

ಬಲ್ಲ ಸಂಗ್ರಾಹಕರು ಹಾರಿಸಲು ಒಪ್ಪದ ಒಂದು ಜಾತಿಯ ಮಾರ್ಟಿನಿಯೂ ಇದೆ. ಪೆಶಾವರದ ದಕ್ಷಿಣದ ದರ್ರಾ ಆದಂ ಖೇಲ್‌ನಂಥ ಊರುಗಳ ಕಮ್ಮಾರರು, ಸಿಕ್ಕ ಲೋಹವನ್ನು ಅರದಿಂದ ಉಜ್ಜಿ, ಬ್ರಿಟಿಷ್ ರೈಫಲಿನ ನಕಲುಗಳನ್ನು ಮಾಡಿದರು. ರಾಣಿಯ ಕಿರೀಟದ ಮುದ್ರೆಯನ್ನೂ ಒತ್ತಿದರು. ಇಂಗ್ಲಿಷ್ ಓದಲು ಬಾರದ ಕಾರಣ ಕೆಲವು ಅಕ್ಷರಗಳು ತಿರುವುಮುರುವಾದವು. ಅಂಥ ನಳಿಗೆ ಪೂರ್ಣಪ್ರಮಾಣದ ಮದ್ದಿನ ಒತ್ತಡವನ್ನು ತಾಳುತ್ತದೆಂಬ ಭರವಸೆಯಿಲ್ಲ. ಸಂಗ್ರಾಹಕರು ಈ ತಪ್ಪಕ್ಷರಗಳನ್ನು ಕಂಡು ನಗುತ್ತಾರೆ. ಗಂಭೀರವಾಗಿ ನೋಡುವವನಿಗೆ ಅಲ್ಲಿ ಕಾಣುವುದು ನಿರಾಯುಧರಾಗಿ ಇರಲೊಪ್ಪದ ಜನರ ಕೈಗೆಲಸ.

ಭಾರತದೊಳಗೆ ಈ ಅಪನಂಬಿಕೆ ನಳಿಗೆಯ ಒಳಗಾತ್ರದಲ್ಲಿಯೇ ಕೊರೆದುಕೊಂಡಿದೆ. ನಳಿಗೆಯೊಳಗೆ ಸುರುಳಿ ಗೀರುಗಳಿದ್ದರೆ ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ ಸಾಗುತ್ತದೆ. ರೈಫಲ್ ಎಂಬ ಹೆಸರು ಬಂದದ್ದೇ ಆ ಗೀರುಗಳಿಂದ. 1857ರ ದಂಗೆಯ ನಂತರ ಭಾರತೀಯ ಸಿಪಾಯಿಗಳಿಗೆಂದು ರೂಪಿಸಿದ 1858ರ ಮಾದರಿಯ ಎನ್‌ಫೀಲ್ಡ್‌ನಲ್ಲಿ ಗೀರುಗಳೇ ಇರಲಿಲ್ಲ. ನೋಡಲು ಅದೇ ಬಂದೂಕು. ಗುರಿಮಾತ್ರ ದೂರಕ್ಕೆ ನಿಲ್ಲದು. ಬ್ರಿಟಿಷ್ ಸೈನಿಕನಿಗೆ ಮಾರ್ಟಿನಿ ಸಿಕ್ಕಾಗ ಭಾರತೀಯನಿಗೆ ಅದಕ್ಕೂ ಹಿಂದಿನ ಸ್ನೈಡರ್. ಇಪ್ಪತ್ತನೆಯ ಶತಮಾನದಲ್ಲಿ ಈಶಾಪುರದ ಕಾರ್ಖಾನೆ ಜೈಲು ಕಾವಲುಗಾರರಿಗೂ ಪೊಲೀಸರಿಗೂ ಲೀ-ಎನ್‌ಫೀಲ್ಡ್‌ಗಳನ್ನು ಗೀರುಗಳಿಲ್ಲದ .410 ಮಸ್ಕೆಟ್‌ಗಳಾಗಿ ಮಾರ್ಪಡಿಸಿತು. ಕಳವಾದರೂ ಅದರಲ್ಲಿ ಸೇನೆಯ ತ್ರೀ-ನಾಟ್-ತ್ರೀ ಕಾಡತೂಸು ಹಿಡಿಯಬಾರದು ಎಂಬುದು ಉಪಾಯ. ಸ್ವಾತಂತ್ರ್ಯ ಬಂದ ಮೇಲೂ ಈ ತರ್ಕ ಅಳಿಯಲಿಲ್ಲ. ಪರವಾನಗಿಯುಳ್ಳ ನಾಗರಿಕನಿಗೆ ಸರ್ಕಾರಿ ಕಾರ್ಖಾನೆ ಮಾರಿದ್ದು .315 ಗಾತ್ರದ ರೈಫಲು; ಅದರ ಯಂತ್ರರಚನೆ ಲೀ-ಎನ್‌ಫೀಲ್ಡ್‌ನದೇ, ಸೇನೆಯ ಗುಂಡು ಮಾತ್ರ ಅದಕ್ಕೆ ಹೊಂದದು. ಇದರ ಇನ್ನೊಂದು ಮುಖವೂ ಉಂಟು: 2008ರಲ್ಲಿ ಮುಂಬಯಿಯ ರೈಲು ನಿಲ್ದಾಣದಲ್ಲಿ ಎಕೆ-47 ಹಿಡಿದವರನ್ನು ಎದುರಿಸಿದ ಪೊಲೀಸರ ಕೈಯಲ್ಲಿದ್ದದ್ದು ತ್ರೀ-ನಾಟ್-ತ್ರೀ.

ಇಷ್ಟೊಂದು ಅಪನಂಬಿಕೆಯ ನಡುವೆ ಕೊಡಗು ಮಾತ್ರ ಏಕೆ ಹೊರತಾಯಿತು? 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ನಿಶ್ಶಸ್ತ್ರೀಕರಣ ಕಾಯಿದೆ ಕೊಡವರಿಗೆ ಅನ್ವಯಿಸದೆಂದು ಘೋಷಿಸಿದ. 1878ರ ಶಸ್ತ್ರ ಕಾಯಿದೆ ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯ ಮಾಡಿ ಯೂರೋಪಿಯನ್ನರನ್ನು ಹೊರಗಿಟ್ಟಾಗಲೂ ಕೊಡಗಿನ ವಿನಾಯಿತಿ ಉಳಿಯಿತು. ಇದು ಶೌರ್ಯಕ್ಕೆ ಸಂದ ಗೌರವವೆಂದು ಹೇಳುವುದು ರೂಢಿ. ಆದರೆ ಅದು ನಿಷ್ಠೆಗೆ ಸಂದ ಸಂಭಾವನೆಯೂ ಹೌದು. 1837ರ ಅಮರ ಸುಳ್ಯದ ರೈತ ದಂಗೆಯನ್ನು ಅಡಗಿಸಲು ನೆರವಾದ ಕೊಡವರಿಗೆ ಕಂಪನಿ ಪದಕಗಳನ್ನು ಹಂಚಿತ್ತು. ದಂಗೆಯೆದ್ದವರಲ್ಲಿ ಅರೆಭಾಷೆ ಗೌಡರು ಮುಂಚೂಣಿಯಲ್ಲಿದ್ದರು. ಕ್ಷಾತ್ರ ಜನಾಂಗವೆಂಬ ಬಿರುದಿನ ಬೆಲೆಯೂ ತಿಳಿದದ್ದೇ: 71ನೆಯ ಕೂರ್ಗ್ ರೈಫಲ್ಸ್ ಎಂಬ ಪಡೆಯನ್ನು ಅದೇ ಸಾಮ್ರಾಜ್ಯ 1904ರಲ್ಲಿ ವಿಸರ್ಜಿಸಿತು.

ಹಾಗೆಂದು ಕೊಡಗಿನ ಕೋವಿ ಕೇವಲ ವಸಾಹತಿನ ಕೊಡುಗೆಯೆಂದರೆ ಅರ್ಧಸತ್ಯವಾದೀತು. ಸೆಪ್ಟೆಂಬರಿನ ಕೈಲ್‌ಪೊಳ್ದಿನಲ್ಲಿ ಅದಕ್ಕೆ ಹೂವಿಟ್ಟು ಪೂಜೆ ನಡೆಯುತ್ತದೆ. ಪುತ್ತರಿಯ ಕದಿರು ತೆಗೆಯುವಾಗ ಅದರ ಸದ್ದು ಊರಿಗೆ ಸುದ್ದಿ ಮುಟ್ಟಿಸುತ್ತದೆ. ಮನೆಯಲ್ಲಿ ಸಾವಾದರೆ ಎರಡು ಗುಂಡು. ಹುಟ್ಟಿಗೆ ಒಂದು, ಅದೂ ಗಂಡುಮಗುವಿಗೆ ಎಂಬ ಹಳೆಯ ಕ್ರಮವನ್ನು ಪ್ರಶ್ನಿಸುವವರು ಇಂದು ಕೊಡವರಲ್ಲಿಯೇ ಇದ್ದರೆ ಅಚ್ಚರಿಯಿಲ್ಲ. ಸಮಸ್ಯೆ ಈ ಆಚರಣೆಯದಲ್ಲ, ಕಾನೂನಿನ ಭಾಷೆಯದು. 1959ರ ಶಸ್ತ್ರ ಕಾಯಿದೆಯಡಿ 1963ರಲ್ಲಿ ಹೊರಟ ಅಧಿಸೂಚನೆ ವಿನಾಯಿತಿ ನೀಡಿದ್ದು ಇಬ್ಬರಿಗೆ: ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ. ಒಂದು ರಕ್ತದ ಅಳತೆ, ಇನ್ನೊಂದು ನೆಲದ ಅಳತೆ. ಎರಡರಲ್ಲಿಯೂ ಆ ಮಣ್ಣಿನ ಯರವರಿಗೆ, ತೋಟದ ಕೂಲಿಕಾರರಿಗೆ ಎಡೆಯಿಲ್ಲ. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯಪೂರ್ವದಿಂದ ನಡೆದುಬಂದದ್ದು ಮತ್ತು ಕಾಲಮಿತಿಯುಳ್ಳದ್ದು ಎಂಬುದು ಅದರ ಮುಖ್ಯ ನೆಲೆ. ತೀರ್ಪು ಕಾನೂನಿನ ದೃಷ್ಟಿಯಿಂದ ಸರಿಯಿರಬಹುದು. ಆದರೆ ಕಬ್ಬನ್ನನ ವರ್ಗೀಕರಣಕ್ಕೆ ವಯಸ್ಸಾಗಿದೆಯೆಂಬ ಕಾರಣಕ್ಕೇ ಅದು ಹಕ್ಕಾಗಿಬಿಡುವುದನ್ನು ಒಪ್ಪುವುದು ಕಷ್ಟ.

ಹುಟ್ಟಿನಿಂದ ಮನುಷ್ಯರನ್ನು ವಿಂಗಡಿಸುವ ಕಾನೂನು ಹೇಗಿರುತ್ತದೆಂದು ಕುವೈತಿನಲ್ಲಿ ದುಡಿಯುವವರಿಗೆ ವಿವರಿಸಬೇಕಾಗಿಲ್ಲ. 1990ರ ಆಗಸ್ಟ್ 2ಕ್ಕೆ ಮೊದಲು ಈ ದೇಶದ ಸೇನೆಯ ಮತ್ತು ಪೊಲೀಸ್ ಪಡೆಯ ಕೆಳದರ್ಜೆಗಳಲ್ಲಿ ಪೌರತ್ವವಿಲ್ಲದ ಬಿದೂನ್ ಜನರು ದೊಡ್ಡ ಸಂಖ್ಯೆಯಲ್ಲಿದ್ದರು. ಆಕ್ರಮಣದ ದಿನ ರೈಫಲು ಹಿಡಿದು ನಿಂತವರಲ್ಲಿ ಅವರೂ ಇದ್ದರು. ವಿಮೋಚನೆಯ ನಂತರ ಅವರಲ್ಲಿ ಹೆಚ್ಚಿನವರನ್ನು ಕೆಲಸದಿಂದ ತೆಗೆಯಲಾಯಿತು. ದೇಶದ ಕೋವಿಯನ್ನು ಹೊರಬಹುದು, ದೇಶದವನಾಗಲಾಗದು. ಇತ್ತ ಯುದ್ಧ ಬಿಟ್ಟುಹೋದ ಬಂದೂಕುಗಳು ಮನೆಮನೆಗಳಲ್ಲಿ ಉಳಿದವು. 2015ರಲ್ಲಿ ಸರ್ಕಾರ ಅಕ್ರಮ ಶಸ್ತ್ರಗಳನ್ನು ಶಿಕ್ಷೆಯಿಲ್ಲದೆ ಒಪ್ಪಿಸಲು ನಾಲ್ಕು ತಿಂಗಳ ಗಡುವು ನೀಡಬೇಕಾಯಿತು. ಖುರೈನ್‌ನ ಹುತಾತ್ಮರ ಮನೆಯ ಗುಂಡುತೂತಿನ ಗೋಡೆಗಳನ್ನು ನೋಡಿದವರಿಗೆ, ಜನರು ಆಯುಧವನ್ನು ಬಿಟ್ಟುಕೊಡಲು ಏಕೆ ಹಿಂಜರಿದರೆಂಬುದೂ ತಿಳಿಯುತ್ತದೆ, ಏಕೆ ಬಿಟ್ಟುಕೊಡಬೇಕಿತ್ತೆಂಬುದೂ ತಿಳಿಯುತ್ತದೆ.

ಕೊಡಗಿನ ಮಟ್ಟಿಗೆ ದಾರಿ ಇಲ್ಲದಿಲ್ಲ. ಪರಂಪರೆಯ ಕೋವಿಯನ್ನು ಮನೆತನದ ವಸ್ತುವೆಂದು ನೋಂದಾಯಿಸಿ, ಹಬ್ಬ ಮತ್ತು ಸಾವಿನ ಆಚರಣೆಗೆ ಅನುಮತಿ ಕೊಟ್ಟು, ಅದರ ಸುರಕ್ಷತೆಯ ತಪಾಸಣೆಯನ್ನು ಎಲ್ಲರಿಗೂ ಒಂದೇ ಆಗಿಸಬಹುದು. ಜನಾಂಗವೆಂಬ ಪದವನ್ನು ತೆಗೆದು, ಆಚರಣೆಯುಳ್ಳ ಕುಟುಂಬವೆಂದು ಬರೆಯಬಹುದು. ಆಗ ಯಾವ ಕೊಡವನೂ ಕಳೆದುಕೊಳ್ಳುವುದಿಲ್ಲ, ಹೊರಗಿದ್ದವನು ಕೇಳಿಕೊಳ್ಳಲು ಒಂದು ಬಾಗಿಲಾದರೂ ಇರುತ್ತದೆ. 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿದ ಈಗಿನ ವಿನಾಯಿತಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಮುಂದಿನ ಅಧಿಸೂಚನೆಯ ಒಕ್ಕಣೆಯನ್ನು ಕುರಿತು ಮಡಿಕೇರಿಯಲ್ಲಿ, ಬೆಂಗಳೂರಿನಲ್ಲಿ, ಇಂಥ ಹೊರನಾಡ ಸಭೆಗಳಲ್ಲಿಯೂ ಮಾತು ಆರಂಭವಾಗಬೇಕಾದದ್ದು ಅದಕ್ಕೆ ಸಾಕಷ್ಟು ಮೊದಲೇ.