ಗುಂಡಿ ಬದಲಾಯಿಸಿದ ಅಂಗಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ. ಲೇಖಕರು 2004-05ನೇ ಸಾಲಿನ ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿ, ಬಿ.ಇ. ಪದವೀಧರರು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಂಘಟಕರು ಫೋನ್ ಮಾಡಿದಾಗ, "ನಿನ್ನ ಕಂಪ್ಯೂಟರ್ ಕೆಲಸದ ಬಗ್ಗೆ ಮಾತಾಡಪ್ಪ, ಮಕ್ಕಳಿಗೆ ಸ್ಫೂರ್ತಿ ಆಗ್ಲಿ" ಎಂದಿದ್ದರು. ಒಪ್ಪಿಕೊಂಡೆ. ಆದರೆ ಬರೆಯಲು ಕುಳಿತಾಗ ನೆನಪಾದದ್ದು ಕಂಪ್ಯೂಟರ್ ಅಲ್ಲ, ಒಂದು ಹಳೇ ಅಂಗಿ. ಹಾಗಾಗಿ ಇವತ್ತು ಹಳೇ ಸಾಮಾನುಗಳ ಬಗ್ಗೆ, ಅವುಗಳಲ್ಲಿ ಮಗು ಬೆಳೆಸುವುದರ ಬಗ್ಗೆ ನಾಲ್ಕು ಮಾತಾಡುತ್ತೇನೆ. ಸಂಘಟಕರು ಕ್ಷಮಿಸಬೇಕು.

ನಮ್ಮ ಮನೆ ಇಲ್ಲಿಂದ ಐದು ಕಿಲೋಮೀಟರ್. ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ್ದು 2006-07ರಲ್ಲಿ. ಅಷ್ಟು ಹೊತ್ತಿಗೆ ನಾವು ಈ ಗೇಟು ದಾಟಿ ಹೋಗಿದ್ದೆವು. ಅಪ್ಪ ಹುಣಸೂರಿನಿಂದ 400 ರೂಪಾಯಿಗೆ ಒಂದು ಹಳೇ ಸೈಕಲ್ ತಂದಿದ್ದರು. ಬಾರಿನ ಕೆಳಗೆ ಕಾಲು ತೂರಿಸಿಕೊಂಡು ತುಳಿಯುತ್ತಿದ್ದೆ. ಮಳೆ ಬಂದರೆ ಗೊಬ್ಬರದ ಚೀಲದ ಕೊಪ್ಪೆ. ಪುಸ್ತಕದ ಚೀಲವೂ ಗೊಬ್ಬರದ ಚೀಲದಲ್ಲೇ ಹೊಲಿದದ್ದು. ಗೈಡು, ಕಂಪಾಸ್ ಬಾಕ್ಸು, ಡಿಕ್ಷನರಿ ಎಲ್ಲವೂ ಮುಂದಿನ ತರಗತಿಯ ಅಕ್ಕಂದಿರಿಂದ ಅರ್ಧ ಬೆಲೆಗೆ ಬಂದವು. ಅಕ್ಕಂದಿರ ಗೈಡಿನಲ್ಲಿ ಒಂದು ಲಾಭವಿತ್ತು: ಮುಖ್ಯವಾದ ಪ್ರಶ್ನೆಗೆ ಆಗಲೇ ಗೆರೆ ಎಳೆದಿರುತ್ತಿತ್ತು!

ನಮ್ಮ ಲೆಕ್ಕದ ಮೇಷ್ಟ್ರು ಏಪ್ರಿಲ್‌ನಲ್ಲಿ ಒಂದು ಕೆಲಸ ಮಾಡಿಸುತ್ತಿದ್ದರು. ಎಲ್ಲರೂ ಆ ವರ್ಷದ ನೋಟ್‌ಬುಕ್‌ಗಳಲ್ಲಿ ಉಳಿದ ಖಾಲಿ ಹಾಳೆ ಬಿಡಿಸಿ ತರಬೇಕು. ದಬ್ಬಣ, ಟ್ವೈನ್ ದಾರ ಅವರೇ ತರುತ್ತಿದ್ದರು. ಜೂನ್ ತಿಂಗಳಿಗೆ ಪ್ರತಿಯೊಬ್ಬರ ಕೈಯಲ್ಲೂ ಒಂದು ದಪ್ಪ ರಫ್ ಬುಕ್ಕು. ಇದ್ದವರ ಮಗ, ಇಲ್ಲದವರ ಮಗಳು, ಎಲ್ಲರದ್ದೂ ಒಂದೇ ಥರ. ಅದು ಎಷ್ಟು ದೊಡ್ಡ ವಿಚಾರ ಎಂದು ನನಗೆ ಆಗ ಗೊತ್ತಾಗಲಿಲ್ಲ.

ಇನ್ನು ಅಂಗಿಯ ಕಥೆ. ಅಮ್ಮ ಹೊಗೆಸೊಪ್ಪಿನ ಕಾಲದಲ್ಲಿ ಸೊಪ್ಪು ಕಟ್ಟಲು ಹೋಗುತ್ತಿದ್ದ ಮನೆಯವರು, ತಮ್ಮ ಮಗನಿಗೆ ಗಿಡ್ಡವಾದ ಬಿಳಿ ಯೂನಿಫಾರಂ ಅಂಗಿ ಕೊಟ್ಟರು. ಅಮ್ಮ ಅದನ್ನು ಒಗೆದು, ನೀಲಿ ಹಾಕಿ, ಎಲ್ಲ ಗುಂಡಿಗಳನ್ನೂ ಕಿತ್ತು ಬೇರೆ ಗುಂಡಿ ಹಾಕಿದರು. ಇದ್ದ ಗುಂಡಿ ಚೆನ್ನಾಗೇ ಇದ್ದವು. ಯಾಕೆ ಬದಲಾಯಿಸಿದರೋ ನಾನು ಕೇಳಲಿಲ್ಲ. ಜೇಬಿನ ಕೆಳಗೆ ಒಂದು ಇಂಕಿನ ಕಲೆ ಮಾತ್ರ ಹೋಗಲಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಆ ಹುಡುಗ ಕಲೆ ಗುರುತಿಸಿ, "ಲೋ, ಇದು ನನ್ನ ಅಂಗಿ" ಎಂದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಿಜವನ್ನೇ ಹೇಳಿದ್ದ. ನಾನು ಎರಡು ದಿನ ಹೊಟ್ಟೆನೋವು ಎಂದು ಮನೆಯಲ್ಲಿ ಮಲಗಿದೆ. ಅವನು ಇವತ್ತು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾನೆ, ನನ್ನ ಆಪ್ತ ಗೆಳೆಯ. ಅವನಿಗೆ ಇದು ನೆನಪೇ ಇಲ್ಲವಂತೆ. ಹೇಳಿದವರಿಗೆ ಮರೆಯುತ್ತದೆ, ಕೇಳಿಸಿಕೊಂಡವರಿಗೆ ಮರೆಯುವುದಿಲ್ಲ.

ಈಗ ಇಪ್ಪತ್ತು ವರ್ಷ ಮುಂದೆ ಬರೋಣ. ನನಗೆ ಒಳ್ಳೆಯ ಸಂಬಳವಿದೆ, ಒಂಬತ್ತು ವರ್ಷದ ಮಗಳಿದ್ದಾಳೆ. ಅವಳು ಹುಟ್ಟಿದಾಗ ನಾನು, ನನ್ನ ಹೆಂಡತಿ ಕುಳಿತು ಲೆಕ್ಕ ಹಾಕಿದೆವು. ಮಗುವಿನ ತೂಕ ಸುಮಾರು ಐದು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುತ್ತದೆ. ಅಂದರೆ ಇವತ್ತು ತಂದ ಅಂಗಿ ಎರಡು ಮೂರು ತಿಂಗಳಿಗೆ ಬಿಗಿ. ಹಾಗಿದ್ದ ಮೇಲೆ ಅಷ್ಟು ದುಡ್ಡು ಕೊಟ್ಟು ಹೊಸದು ಯಾಕೆ? ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ಕೂಸಿಗೆ ಮೊದಲು ಹಳೇ ಬಟ್ಟೆಯನ್ನೇ ಹಾಕುತ್ತಿದ್ದರು. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಗಿಂತ ಕೂಸಿನ ಮೈಗೆ ಒಳ್ಳೆಯದು ಯಾವುದಿದೆ? ನಾವೂ ಹಾಗೇ ಮಾಡಿದೆವು. ಅಜ್ಜಿಯ ಸೀರೆ ಜೋಲಿಯಾಯಿತು, ಆಮೇಲೆ ಲಂಗೋಟಿಯಾಯಿತು, ಕೊನೆಗೆ ಒರೆಸುವ ಬಟ್ಟೆಯಾಯಿತು. ತೊಟ್ಟಿಲು ನಾದಿನಿಯ ಮನೆಯಿಂದ ಬಂತು, ನಮ್ಮಲ್ಲಿಂದ ಇನ್ನೊಬ್ಬರ ಮನೆಗೆ ಹೋಯಿತು. ಕಥೆ ಪುಸ್ತಕಗಳಿಗೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳು. ಓದುವ ಮೇಜು, ಕುರ್ಚಿ ಮನೆ ಖಾಲಿ ಮಾಡುತ್ತಿದ್ದವರಿಂದ ಕಾಲು ಭಾಗದ ಬೆಲೆಗೆ.

ದುಡ್ಡು ಉಳಿಯಿತು. ನಿಜ ಹೇಳಬೇಕೆಂದರೆ ದುಡ್ಡಿಗಿಂತ ಜಂಬ ಹೆಚ್ಚು ಬೆಳೆಯಿತು. ಆಫೀಸಿನಲ್ಲಿ ಎಲ್ಲರಿಗೂ ಉಪದೇಶ. ಒಂದು ಹತ್ತಿ ಅಂಗಿ ತಯಾರಾಗಲು ಅಂದಾಜು 2,700 ಲೀಟರ್ ನೀರು ಬೇಕು ಎನ್ನುತ್ತದೆ ವಿಶ್ವ ವನ್ಯಜೀವಿ ನಿಧಿಯ ಲೆಕ್ಕ. ಪಕ್ಕದ ಎಚ್.ಡಿ. ಕೋಟೆಯಲ್ಲಿ ಹತ್ತಿ ಹಾಕುವವರಿಗೂ, ಬೇಸಿಗೆಯಲ್ಲಿ ನಮ್ಮ ಲಕ್ಷ್ಮಣತೀರ್ಥವನ್ನು ನೋಡಿದವರಿಗೂ ನೀರಿನ ಬೆಲೆ ಬೇರೆ ಹೇಳಬೇಕಾಗಿಲ್ಲ. ಹೀಗೆಲ್ಲ ಮಾತಾಡುತ್ತಾ ನಾನು ದೊಡ್ಡ ಮನುಷ್ಯ ಎಂದುಕೊಂಡಿದ್ದೆ.

ಹೋದ ವರ್ಷ ಮಗಳ ಹುಟ್ಟುಹಬ್ಬಕ್ಕೆ 1,800 ರೂಪಾಯಿಗೆ ಒಂದು ಹಳೇ ಸೈಕಲ್ ತಂದೆ. ಗಟ್ಟಿಮುಟ್ಟಾದ ಸೈಕಲ್. ಸಂಜೆ ಕೆಳಗೆ ಆಡಲು ಹೋದವಳು ಹತ್ತೇ ನಿಮಿಷಕ್ಕೆ ಮೇಲೆ ಬಂದಳು. ಅಲ್ಲಿ ಒಂದು ಮಗು, "ಇದು ನಮ್ಮಣ್ಣನ ಸೈಕಲ್" ಎಂದಿತಂತೆ. ಮಗಳು ನನ್ನನ್ನು ಕೇಳಿದಳು, "ಅಪ್ಪ, ನಾವು ಬಡವರಾ?"

ನನಗೆ ಉತ್ತರ ಹೊರಡಲಿಲ್ಲ. "ಅಲ್ಲ" ಎಂದರೆ ಮತ್ತೆ ಯಾಕೆ ಎಂದು ಕೇಳುತ್ತಾಳೆ. ಆ ನೀರಿನ ಲೆಕ್ಕ ಅವಳ ಕಣ್ಣೀರಿನ ಮುಂದೆ ಯಾವ ಕೆಲಸಕ್ಕೂ ಬರಲಿಲ್ಲ. ರಾತ್ರಿ ಊರಿಗೆ ಫೋನ್ ಮಾಡಿದೆ. ಅಮ್ಮ ಎಲ್ಲ ಕೇಳಿ ಒಂದೇ ಮಾತು ಹೇಳಿದರು: "ಇಲ್ದಾಗ ಹಳೇದು ಹಾಕ್ಸದು ಬ್ಯಾರೆ, ಇದ್ದೂ ಹಾಕ್ಸದು ಬ್ಯಾರೆ ಕಣ್ ಮಗ. ಕೂಸ್ನ ಒಂದ್ ಮಾತ್ ಕೇಳ್ದಾ?"

ಕೇಳಿರಲಿಲ್ಲ. ಆಗ ನೆನಪಾಗಿ ಗುಂಡಿಯ ವಿಷಯ ಕೇಳಿದೆ. ಅಮ್ಮ ನಕ್ಕರು. "ಅವರ್ ಗುಂಡಿ ಇದ್ರೆ ಅವರ್ ಅಂಗಿ. ನಮ್ ಗುಂಡಿ ಹಾಕುದ್ರೆ ನಮ್ಮಂಗಿ. ಅಷ್ಟೇ ಬುಡು. ನೀನು ಎರಡ್ ದಿನ ಸುಳ್ಳೊಟ್ಟೆನೋವು ಅಂತ ಮಲಗಿದ್ದೂ ಗೊತ್ತಿತ್ತು ನಂಗೆ." ಇಷ್ಟು ವರ್ಷ ಗುಟ್ಟು ಎಂದುಕೊಂಡಿದ್ದೆ.

ಭಾನುವಾರ ನಾನೂ ಮಗಳೂ ಸೈಕಲ್ ಬಿಚ್ಚಿದೆವು. ಚೈನಿಗೆ ಎಣ್ಣೆ, ಹೊಸ ಬ್ರೇಕ್ ಕಟ್ಟೆ, ಹೊಸ ಬೆಲ್ಲು. ಬಣ್ಣ ಯಾವುದೆಂದು ಕೇಳಿದೆ. ಹಳದಿ ಎಂದಳು. ಹಳದಿ ಬಣ್ಣ ಅವಳೇ ಹೊಡೆದಳು, ಅಲ್ಲಲ್ಲಿ ಸೋರಿದೆ. ಈಗ ಅದು ಯಾರಣ್ಣನ ಸೈಕಲ್ಲೂ ಅಲ್ಲ. ಅವಳು ಕೇಳಿದ ಪ್ರಶ್ನೆಗೆ ಉತ್ತರವನ್ನೂ ಕೊಟ್ಟೆ: "ನಾವು ಬಡವರಲ್ಲ ಪುಟ್ಟ. ನಾನು ಚಿಕ್ಕವನಾಗಿದ್ದಾಗ ಬಡವರಾಗಿದ್ದೆವು. ಆಗ ಹಳೇದು ಹಾಕಿಕೊಂಡದ್ದು ತಪ್ಪಲ್ಲ, ಈಗಲೂ ತಪ್ಪಲ್ಲ. ಆದರೆ ನಿನ್ನನ್ನು ಕೇಳದೆ ತಂದದ್ದು ನನ್ನ ತಪ್ಪು."

ಅಂದಿನಿಂದ ನಮ್ಮ ಮನೆಯಲ್ಲಿ ಮೂರು ಒಪ್ಪಂದಗಳಿವೆ. ಮಗಳ ಸಾಮಾನು ಹಳೇದಾಗಲಿ ಹೊಸದಾಗಲಿ, ಅವಳನ್ನು ಕೇಳಿಯೇ ತರುವುದು. ವರ್ಷಕ್ಕೆ ಒಂದು ವಸ್ತು ಅವಳು ಬೇಕೆಂದದ್ದು, ಹೊಚ್ಚ ಹೊಸದು. ತನ್ನದನ್ನು ಇನ್ನೊಬ್ಬರಿಗೆ ಕೊಡುವಾಗ ಅವಳೇ ಒರೆಸಿ, ರಿಪೇರಿ ಮಾಡಿ ಕೊಡುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಹೇಳುತ್ತದೆ. ಹಾಸಿಗೆಯ ಉದ್ದ ಎಷ್ಟು ಎಂದು ಮಕ್ಕಳಿಗೂ ತೋರಿಸಬೇಕು ಎಂದು ನಾನು ಸೇರಿಸುತ್ತೇನೆ.

ಇನ್ನು, ಎಲ್ಲವನ್ನೂ ಹಳೇದು ಕೊಳ್ಳಬಾರದು. ಎಂಜಿನಿಯರ್ ಆಗಿ ಇದನ್ನು ಹೇಳಲೇಬೇಕು. ಹೆಲ್ಮೆಟ್ ಹಳೇದು ಬೇಡ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕೆಲಸಕ್ಕೆ ಬಾರದು. 2023ರ ಫೆಬ್ರುವರಿಯಿಂದ, ಬೈಕಿನಲ್ಲಿ ಕೂರುವ ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ಹಾಲಿನ ಬಾಟಲಿಯ ನಿಪ್ಪಲ್ ಹಳೇದು ಬೇಡ. ಬಣ್ಣ ಏಳುತ್ತಿರುವ ಆಟಿಕೆ ಬೇಡ, ಬಣ್ಣದಲ್ಲಿ ಸೀಸ ಇರಬಹುದು. ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರ ಜನವರಿಯಿಂದ, ಅದಕ್ಕೂ ಹಿಂದಿನದಾದರೆ ಎರಡು ಸಲ ನೋಡಿ. ಗುಂಡಿಯಂಥ ಸಣ್ಣ ಬ್ಯಾಟರಿ ಇರುವ ಆಟಿಕೆಯ ಮುಚ್ಚಳ ಸಡಿಲವಾಗಿದ್ದರೆ ಬೇಡವೇ ಬೇಡ. ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗುತ್ತದೆ.

ನಮ್ಮ ಕಡೆಗೆ ಬಹಳ ಮುಖ್ಯವಾದ ಮಾತು: ಬೆಳೆಗೆ ಹೊಡೆಯುವ ಔಷಧಿಯ ಡಬ್ಬ. ಎಷ್ಟೋ ಮನೆಗಳಲ್ಲಿ ಅದನ್ನು ತೊಳೆದು ನೀರಿಗೆ, ಸೀಮೆಎಣ್ಣೆಗೆ ಇಡುವುದನ್ನು ನೋಡಿದ್ದೇನೆ. ಎಷ್ಟು ತೊಳೆದರೂ ವಿಷ ಪೂರ್ತಿ ಹೋಗುವುದಿಲ್ಲ. ಅದನ್ನು ತೂತು ಮಾಡಿ ಬಿಸಾಡಬೇಕೇ ಹೊರತು ಉಳಿತಾಯ ಮಾಡಬಾರದು.

ಕಾಲೇಜಿಗೆ ಹೋಗುವ ಮಕ್ಕಳಿಗೆ ಹಳೇ ಮೊಬೈಲ್ ಕೊಳ್ಳುವವರು ಒಂದು ಪರೀಕ್ಷೆ ಮಾಡಿ. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಮೆಸೇಜ್ ಮಾಡಿ. ಕಳುವಿನ ದೂರಿನಿಂದ ತಡೆಹಿಡಿದ ಫೋನ್ ಆಗಿದ್ದರೆ ತಿಳಿಯುತ್ತದೆ. ಬಿಲ್ಲು, ಡಬ್ಬ ಇಲ್ಲದ ಫೋನ್ ಅಗ್ಗವಾದರೂ ಬೇಡ.

ಕೊನೆಗೆ ನನ್ನ ಕಸುಬಿನ ಮಾತು, ಜೊತೆಗೆ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಲ್ಲಿಸಿತು. ಹಾಗಾಗಿ ಚೆನ್ನಾಗಿ ನಡೆಯುವ ಎಷ್ಟೋ ಲ್ಯಾಪ್‌ಟಾಪ್‌ಗಳು ಮೂಲೆ ಸೇರುತ್ತಿವೆ. ಅವುಗಳಿಗೆ ಒಂದು ಎಸ್‌ಎಸ್‌ಡಿ ಹಾಕಿ, ಮೆಮೊರಿ ಹೆಚ್ಚಿಸಿ, ಉಚಿತವಾಗಿ ಸಿಗುವ ಲಿನಕ್ಸ್ ಹಾಕಿದರೆ ಇನ್ನೂ ನಾಲ್ಕೈದು ವರ್ಷ ಮಕ್ಕಳು ಟೈಪಿಂಗ್, ಲೆಕ್ಕ, ಪ್ರೋಗ್ರಾಮಿಂಗ್ ಕಲಿಯಬಹುದು. ಐದು ಲ್ಯಾಪ್‌ಟಾಪ್‌ಗಳನ್ನು ನಾನು ಹೀಗೆ ಸಿದ್ಧಮಾಡಿ ಇವತ್ತು ತಂದಿದ್ದೇನೆ. ಕೆಟ್ಟರೆ ರಿಪೇರಿಯ ಜವಾಬ್ದಾರಿಯೂ ನನ್ನದೇ. ರಿಪೇರಿ ಮಾಡಲಾಗದ ದಿನ ವಾಪಸು ತೆಗೆದುಕೊಂಡು ಹೋಗಿ ಇ-ತ್ಯಾಜ್ಯ ಕೊಳ್ಳುವ ಅಧಿಕೃತ ಕೇಂದ್ರಕ್ಕೆ ಕೊಡುವುದೂ ನನ್ನದೇ. ನಮ್ಮ ಮನೆಯ ಕಸವನ್ನು ಶಾಲೆಯ ಮೂಲೆಗೆ ಸಾಗಿಸಿ ಅದಕ್ಕೆ ದಾನ ಎಂದು ಹೆಸರಿಡಬಾರದು.

ಇದೇ ರೀತಿ ಶಾಲೆಯಲ್ಲಿ ಒಂದು ಕಪಾಟು ಇಡೋಣ. ಗೈಡು, ಡಿಕ್ಷನರಿ, ಕಂಪಾಸ್ ಬಾಕ್ಸು, ಬ್ಯಾಗು, ಸ್ವೆಟರ್, ಶೂ. ಬೇಕಾದವರು ತೆಗೆದುಕೊಳ್ಳಲಿ, ಆದವರು ಇಡಲಿ. ದೆಹಲಿಯಲ್ಲಿ 1999ರಲ್ಲಿ ಶುರುವಾದ ಗೂಂಜ್ ಎಂಬ ಸಂಸ್ಥೆ ಹಳೇ ಬಟ್ಟೆಯನ್ನು ಸುಮ್ಮನೆ ಹಂಚುವುದಿಲ್ಲ. ಹಳ್ಳಿಯವರು ತಮ್ಮ ಊರಿಗಾಗಿ ಬಾವಿಯೋ ರಸ್ತೆಯೋ ಮಾಡಿಕೊಂಡಾಗ ಆ ದುಡಿಮೆಗೆ ಪ್ರತಿಯಾಗಿ ಕೊಡುತ್ತದೆ. ಅದನ್ನು ಕಟ್ಟಿದ ಅಂಶು ಗುಪ್ತ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತೆಗೆದುಕೊಳ್ಳುವವರ ತಲೆ ತಗ್ಗಬಾರದು ಎಂಬುದು ಅದರ ತಿರುಳು. ನಮ್ಮ ಕಪಾಟಿಗೂ ನಾಲ್ಕು ನಿಯಮ ಇರಲಿ. ಒಗೆಯದ್ದು, ಹರಿದದ್ದು ಇಡಬಾರದು. ಕೊಟ್ಟವರ ಹೆಸರು ಬರೆಯಬಾರದು. ತೆಗೆದುಕೊಳ್ಳುವ ಮಗುವಿನ ಫೋಟೊ ತೆಗೆಯಬಾರದು. ಇದ್ದವರ ಮಕ್ಕಳೂ ಅಲ್ಲಿಂದಲೇ ತೆಗೆದುಕೊಳ್ಳಬೇಕು. ಈ ಕೊನೆಯ ನಿಯಮ ಎಲ್ಲಕ್ಕಿಂತ ಮುಖ್ಯ. ಲೆಕ್ಕದ ಮೇಷ್ಟ್ರ ರಫ್ ಬುಕ್ಕಿನ ಹಾಗೆ ಎಲ್ಲರದ್ದೂ ಒಂದೇ ಆದಾಗ ಯಾವ ಮಗುವಿಗೂ ಹೊಟ್ಟೆನೋವು ಬರುವುದಿಲ್ಲ.

ಬಡತನವನ್ನು ನಾನು ಹೊಗಳಲು ಬಂದಿಲ್ಲ. ಅದನ್ನು ಉಂಡವರು ಯಾರೂ ಹೊಗಳುವುದಿಲ್ಲ. ಆದರೆ ಬಡತನದಲ್ಲಿ ನಮ್ಮ ತಾಯಂದಿರು ಕಲಿತ ಜಾಣತನವನ್ನು, ದುಡ್ಡು ಬಂತೆಂದು ಮರೆಯುವುದು ಬೇಡ. ಹಾಗೆಯೇ ಆ ಜಾಣತನದ ಜೊತೆಗಿದ್ದ ಮರ್ಯಾದೆಯನ್ನೂ ಮರೆಯುವುದು ಬೇಡ.

ಕಪಾಟನ್ನು ನಮ್ಮ ತಂಡದವರು ಈ ತಿಂಗಳೇ ಮಾಡಿಸಿಕೊಡುತ್ತೇವೆ. ಮರದ ಕೆಲಸ ಮೂರನೇ ಸಾಲಿನಲ್ಲಿರುವ ಆ ಗೆಳೆಯನದು, ಈಗಷ್ಟೇ ಒಪ್ಪಿಕೊಂಡಿದ್ದಾನೆ. ಅದರ ಕೆಳಗಿನ ಅರೆಯಲ್ಲಿ ಸೂಜಿ, ದಾರ ಮತ್ತು ಒಂದು ಡಬ್ಬ ತುಂಬಾ ಗುಂಡಿ ಇಡಲು ಅಮ್ಮ ಹೇಳಿ ಕಳಿಸಿದ್ದಾರೆ. ಡಬ್ಬ ನನ್ನ ಚೀಲದಲ್ಲಿದೆ. ಮುಖ್ಯೋಪಾಧ್ಯಾಯರು ದಯವಿಟ್ಟು ಸ್ವೀಕರಿಸಬೇಕು.