ಕಾರಣ ಹೇಳಬೇಕಾಗದ ಪ್ರಯಾಣ



1842ರ ಮಾರ್ಚ್ 22ರಂದು ವಿಯೆನ್ನಾದಿಂದ ಡ್ಯಾನ್ಯೂಬ್ ನದಿಗುಂಟ ಹೊರಟ ಉಗಿಹಡಗಿನಲ್ಲಿ ನಲವತ್ತನಾಲ್ಕು ವರ್ಷದ ಹೆಂಗಸೊಬ್ಬಳು ಕುಳಿತಿದ್ದಳು. ಹೆಸರು ಇಡಾ ಫೈಫರ್. ಜೊತೆಯಲ್ಲಿ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ಕಾನ್‌ಸ್ಟಾಂಟಿನೋಪಲ್‌ನಲ್ಲಿರುವ ಸ್ನೇಹಿತೆಯನ್ನು ನೋಡಿಬರುವುದಾಗಿ ಆಕೆ ಬಂಧುಬಳಗಕ್ಕೆ ಹೇಳಿದ್ದಳು. ನಿಜವಾದ ಗುರಿ ಅದಕ್ಕಿಂತ ಬಹುದೂರದ ಜೆರುಸಲೇಮ್. ಹೊರಡುವ ಮುನ್ನ ಉಯಿಲನ್ನೂ ಬರೆದಿಟ್ಟಿದ್ದಳು. ಮರಳಿ ಬಾರದೆ ಹೋಗಬಹುದೆಂಬ ಸಂಗತಿಯನ್ನು ಕಾಗದದ ಮೇಲೆ ಬರೆಯಬಲ್ಲವಳಿಗೆ, ಲೋಕವನ್ನು ನೋಡಬೇಕೆಂಬ ಆಸೆಯನ್ನು ಮನೆಯವರೆದುರು ಬಾಯಿಬಿಟ್ಟು ಹೇಳಲು ಆಗಿರಲಿಲ್ಲ. ಇಂದಿನ ಮಾತು ಆರಂಭವಾಗುವುದು ಆ ಸುಳ್ಳಿನಿಂದಲೇ.

ಇಡಾ 1797ರಲ್ಲಿ ವಿಯೆನ್ನಾದ ಸಿರಿವಂತ ಕುಟುಂಬವೊಂದರಲ್ಲಿ ಹುಟ್ಟಿದಳು. ಅಣ್ಣತಮ್ಮಂದಿರೊಡನೆ ಗಂಡುಡುಗೆ ತೊಟ್ಟು, ಅವರಂತೆಯೇ ಬೆಳೆದಳು. ತಂದೆ ತೀರಿಕೊಂಡ ಮೇಲೆ ತಾಯಿ ಆ ಉಡುಗೆಯನ್ನು ಬಿಡಿಸಿದಳು. ಮುಂದೆ ಮಗಳು ಮೆಚ್ಚಿದ ಶಿಕ್ಷಕನನ್ನೂ ನಿರಾಕರಿಸಿದಳು. 1820ರಲ್ಲಿ ತನಗಿಂತ ಇಪ್ಪತ್ತನಾಲ್ಕು ವರ್ಷ ಹಿರಿಯನಾದ ವಿಧುರ ವಕೀಲನೊಬ್ಬನನ್ನು ಮದುವೆಯಾಗಿ ಇಡಾ ಲೆಂಬರ್ಗ್‌ಗೆ, ಎಂದರೆ ಇಂದಿನ ಯುಕ್ರೇನಿನ ಲ್ವಿವ್ ನಗರಕ್ಕೆ ಹೋದಳು. ಅಧಿಕಾರಿಗಳ ಭ್ರಷ್ಟಾಚಾರವನ್ನು ಬಯಲಿಗೆಳೆದ ಆ ವಕೀಲ ತನ್ನ ವೃತ್ತಿಯನ್ನೇ ಕಳೆದುಕೊಂಡ. ಸಂಸಾರ ಬಡತನಕ್ಕೆ ಇಳಿಯಿತು. ಸಂಗೀತ ಮತ್ತು ಚಿತ್ರಕಲೆಯ ಪಾಠ ಹೇಳಿ ಆಕೆ ಇಬ್ಬರು ಗಂಡುಮಕ್ಕಳನ್ನು ಸಾಕಿದಳು. ಟ್ರಿಯೆಸ್ಟ್‌ನಲ್ಲಿ ಮೊದಲ ಬಾರಿಗೆ ಕಡಲನ್ನು ಕಂಡಾಗ, ಬಾಲ್ಯದಿಂದಲೂ ಇದ್ದ ಹಂಬಲ ಮತ್ತೆ ಕೆರಳಿತು. ಆದರೂ ಮಕ್ಕಳು ತಮ್ಮ ಕಾಲ ಮೇಲೆ ನಿಲ್ಲುವವರೆಗೆ ಆ ಹಂಬಲ ಕಾಯಬೇಕಾಯಿತು.

ಅಂತೂ ಆಕೆ ಹೊರಟಳು. ಆ ಪ್ರವಾಸದ ಪುಸ್ತಕ ಮೊದಲಿಗೆ ಲೇಖಕಿಯ ಹೆಸರಿಲ್ಲದೆಯೇ ಪ್ರಕಟವಾಯಿತು. ಅದರಿಂದ ಬಂದ ಹಣ 1845ರಲ್ಲಿ ಐಸ್‌ಲ್ಯಾಂಡಿನ ದಾರಿ ತೋರಿತು. 1846ರಿಂದ 1848ರವರೆಗೆ ಬ್ರೆಜಿಲ್, ಚಿಲಿ, ತಾಹಿತಿ, ಚೀನಾ, ಸಿಂಹಳಗಳನ್ನು ಸುತ್ತಿ, ಕಲ್ಕತ್ತಾ, ಕಾಶಿ, ದೆಹಲಿ, ಮುಂಬಯಿಗಳನ್ನು ಹಾದು, ಬಾಗ್ದಾದ್ ಮಾರ್ಗವಾಗಿ ಆಕೆ ಊರಿಗೆ ಮರಳಿದಳು. 1851ರಲ್ಲಿ ಎರಡನೆಯ ವಿಶ್ವಪರ್ಯಟನೆಗೆ ಹೊರಟಳು. ಬರ್ಲಿನ್ನಿನ ಭೂಗೋಳ ಸಂಘ ಆಕೆಯನ್ನು ಗೌರವ ಸದಸ್ಯೆಯನ್ನಾಗಿ ಮಾಡಿಕೊಂಡಿತು. ಲಂಡನ್ನಿನ ರಾಯಲ್ ಜಿಯಾಗ್ರಾಫಿಕಲ್ ಸೊಸೈಟಿಯ ಬಾಗಿಲು ಮಾತ್ರ ಆಗ ಹೆಂಗಸರಿಗೆ ಮುಚ್ಚಿತ್ತು. ಅದು ಅವರಿಗೆ ಶಾಶ್ವತವಾಗಿ ತೆರೆದದ್ದು 1913ರಲ್ಲಿ.

ಈ ಕಥೆಯನ್ನು ಸಾಹಸಗಾಥೆಯೆಂದಷ್ಟೇ ಓದಿದರೆ ಅದರ ಮುಖ್ಯ ಪ್ರಶ್ನೆ ಕೈತಪ್ಪುತ್ತದೆ. ಆಕೆ ಏಕೆ ಸುಳ್ಳು ಹೇಳಬೇಕಾಯಿತು? ಹೆಣ್ಣಿನ ಪ್ರಯಾಣಕ್ಕೆ ಲೋಕ ಯಾವಾಗಲೂ ಒಂದು ಕಾರಣವನ್ನು ಕೇಳುತ್ತದೆ. ರೋಗಿಯ ಆರೈಕೆ, ಮಗಳ ಹೆರಿಗೆ, ನೆಂಟರ ಮದುವೆ, ಹೊತ್ತ ಹರಕೆ, ಇವೆಲ್ಲ ಒಪ್ಪಿತವಾದ ಕಾರಣಗಳು. ‘ನೋಡಬೇಕೆನ್ನಿಸಿತು’ ಎಂಬುದು ಆ ಪಟ್ಟಿಯಲ್ಲಿಲ್ಲ. ಸ್ನೇಹಿತೆಯ ಭೇಟಿ ಮನೆಯವರಿಗೆ ಒಪ್ಪಿಗೆಯಾಗುವ ಕಾರಣವಾಗಿತ್ತು. ಅದರಾಚೆಗಿನ ಜೆರುಸಲೇಮಿಗೂ ತೀರ್ಥಯಾತ್ರೆಯ ಹೊದಿಕೆಯಿತ್ತು.

ಕನ್ನಡದ ನೆನಪಿನಲ್ಲೂ ಒಬ್ಬಂಟಿಯಾಗಿ ನಡೆದ ಹೆಣ್ಣಿದ್ದಾಳೆ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದಳು. ಕಲ್ಯಾಣದಲ್ಲಿ ಆಕೆಗೆ ಎದುರಾದ ಪ್ರಶ್ನೆಗಳಲ್ಲಿ ಒಂದು, ‘ನಿನ್ನ ಗಂಡನಾರು?’ ಎಂಬುದು. ‘ಶೂನ್ಯಸಂಪಾದನೆ’ಯಲ್ಲಿ ಅದನ್ನು ಕೇಳುವವನು ಅಲ್ಲಮಪ್ರಭು. ಚೆನ್ನಮಲ್ಲಿಕಾರ್ಜುನನೇ ಗಂಡನೆಂದು ಉತ್ತರಿಸಿದ ಮೇಲೆ ಆ ನಡಿಗೆಗೆ ಮನ್ನಣೆ ದೊರೆಯಿತು. ಒಂಟಿಯಾಗಿ ಹೊರಟ ಹೆಣ್ಣು ಶರಣೆಯಾದರೆ ಪೂಜ್ಯಳು. ಶರಣೆಯಲ್ಲದ ಸಾಮಾನ್ಯಳಿಗೆ ಇಂಥ ಉತ್ತರ ಎಲ್ಲಿ ಸಿಗಬೇಕು?

ಈ ಪ್ರಶ್ನೆ ವಲಸೆ ಕನ್ನಡಿಗರ ಮನೆಗಳಲ್ಲಿ ಇಂದೂ ಜೀವಂತವಾಗಿದೆ. ಅಮೆರಿಕದ ಬಿ-2 ವೀಸಾ ಹೆಸರಿಗೆ ಪ್ರವಾಸ ಮತ್ತು ವಿಹಾರದ ವೀಸಾ. ಅದನ್ನು ಹಿಡಿದು ಹಾಸನದಿಂದಲೋ ಧಾರವಾಡದಿಂದಲೋ ಬಂದಿಳಿಯುವ ತಾಯಂದಿರಲ್ಲಿ ಅನೇಕರು ಬರುವುದು ಬಾಣಂತನಕ್ಕೆ. ಸೂಟ್‌ಕೇಸಿನಲ್ಲಿ ಮೆಂತ್ಯದ ಹಿಟ್ಟು, ಅಂಟಿನ ಉಂಡೆ, ಸಾರಿನ ಪುಡಿ. ಆರು ತಿಂಗಳು ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವುದು, ಬಾಣಂತಿಗೆ ಪಥ್ಯದ ಅಡುಗೆ. ನಡುವೆ ಒಂದು ವಾರಾಂತ್ಯ ಎಲ್ಲರೂ ಕಾರಿನಲ್ಲಿ ನಯಾಗರಕ್ಕೆ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆಕೆಯ ಪಾಸ್‌ಪೋರ್ಟಿನಲ್ಲಿ ಮೂರು ದೇಶಗಳ ಮುದ್ರೆ ಬಿದ್ದಿರುತ್ತದೆ. ಮೂರು ದೇಶಗಳಲ್ಲೂ ಆಕೆ ಚೆನ್ನಾಗಿ ಬಲ್ಲದ್ದು ಅಡುಗೆಮನೆ. ಪ್ರೀತಿಯಿಂದ ಮಾಡಿದ ದುಡಿಮೆ ದುಡಿಮೆಯಾಗದೆ ಹೋಗುವುದಿಲ್ಲ. ಭಾರತ ಸರ್ಕಾರದ 2019ರ ಕಾಲಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಈ ಅಂತರ ವಿಮಾನ ಹತ್ತಿದೊಡನೆ ಅಳಿಸಿಹೋಗುವುದಿಲ್ಲ.

2023ರ ಜೂನ್ 11ರಂದು ಕರ್ನಾಟಕದಲ್ಲಿ ‘ಶಕ್ತಿ’ ಯೋಜನೆ ಜಾರಿಗೆ ಬಂದಾಗ ನಡೆದದ್ದನ್ನೂ ಇಲ್ಲಿ ನೆನೆಯಬೇಕು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಂಗಸರಿಗೆ ಉಚಿತ ಪ್ರಯಾಣ. ಮೊದಲ ವಾರಗಳಲ್ಲೇ ಧರ್ಮಸ್ಥಳದ ಬಸ್ಸುಗಳು ತುಂಬಿ ತುಳುಕಿದವು. ಕೂಲಿಗೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗುವವರ ಬಗ್ಗೆ ಹೆಚ್ಚಿನ ಆಕ್ಷೇಪ ಕೇಳಿಬರಲಿಲ್ಲ. ಗೇಲಿಯೆಲ್ಲ ಸುತ್ತಾಡಲು ಹೊರಟವರ ಮೇಲೆ: ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ಇವರಿಗೇಕೆ ಈ ತಿರುಗಾಟ? ಸಮುದ್ರದಾಚೆಯ ವಾಟ್ಸಾಪ್ ಗುಂಪುಗಳಲ್ಲೂ ಆ ನಗೆಹನಿಗಳು ಹರಿದಾಡಿದವು. ವರ್ಷಕ್ಕೊಮ್ಮೆ ಇಟಲಿಗೋ ಹವಾಯಿಗೋ ಹೋಗಿಬರುವವರೂ ಅವಕ್ಕೆ ನಗುವಿನ ಚಿಹ್ನೆ ಒತ್ತಿದರು. ವಿಹಾರವು ದುಡ್ಡುಳ್ಳವರಿಗೆ ವಿಶ್ರಾಂತಿಯಾಗಿ ಕಾಣುತ್ತದೆ, ಅದನ್ನೇ ಬಡವಳು ಬಯಸಿದರೆ ಪೋಲಿತನವಾಗಿ ಕಾಣುತ್ತದೆ.

ಇಡಾ ಫೈಫರಳನ್ನು ಆದರ್ಶವಾಗಿ ಎತ್ತಿ ನಿಲ್ಲಿಸುವುದೂ ಸರಿಯಾಗದು. ಬ್ರೆಜಿಲಿನ ಕರಿಯರ ಬಗ್ಗೆ, ಚೀನೀಯರ ಬಗ್ಗೆ ಆಕೆ ಬರೆದುದರಲ್ಲಿ ಅಂದಿನ ಯುರೋಪಿನ ತಾತ್ಸಾರ ಧಾರಾಳವಾಗಿದೆ. ಜಾವಾ ಸುಮಾತ್ರಗಳಲ್ಲಿ ಡಚ್ ಅಧಿಕಾರಿಗಳ ನೆರವು ಆಕೆಯ ಹಾದಿಯನ್ನು ಸುಗಮಗೊಳಿಸಿತು. ಹೆಣ್ಣಾಗಿ ಮನೆಯಲ್ಲಿ ಪಡೆಯಲಾಗದ ಸ್ವಾತಂತ್ರ್ಯವನ್ನು ಬಿಳಿಯಳಾಗಿ ವಸಾಹತುಗಳಲ್ಲಿ ಪಡೆದಳು. ಆ ಅಸಮಾನತೆ ಇಂದು ವೀಸಾ ಕಚೇರಿಯ ಕಿಟಕಿಯಲ್ಲಿ ಕುಳಿತಿದೆ. ಹುಬ್ಬಳ್ಳಿಯ ನಿವೃತ್ತ ಶಿಕ್ಷಕಿಯೊಬ್ಬಳು ಒಂಟಿಯಾಗಿ ಪ್ಯಾರಿಸ್ ನೋಡಬೇಕೆಂದರೆ 90 ಯೂರೋ ಶುಲ್ಕ, 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ, ಬ್ಯಾಂಕಿನ ಲೆಕ್ಕ, ಮರಳಿ ಬರುವೆನೆಂಬುದಕ್ಕೆ ಪುರಾವೆ ಎಲ್ಲವನ್ನೂ ಒಪ್ಪಿಸಬೇಕು. ಅಮೆರಿಕಕ್ಕಾದರೆ, ಆಕೆ ಅಲ್ಲೇ ನೆಲೆಸಲು ಬರುವವಳೆಂದು ಕಾನೂನು ಮೊದಲೇ ಭಾವಿಸುತ್ತದೆ, ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ಆಕೆಯದೇ. ಮನೆ ಕೇಳಿದ ‘ಏಕೆ’ ಎಂಬ ಪ್ರಶ್ನೆಯನ್ನೇ ಅಧಿಕಾರಿಯೂ ಕೇಳುತ್ತಾನೆ.

ಇನ್ನೊಂದು ಕಡೆ, ಒಂಟಿಯಾಗಿ ವಿದೇಶಕ್ಕೆ ಹೋಗಿಯೂ ವಿಹಾರವನ್ನು ಕಾಣದವರಿದ್ದಾರೆ. ಕೊಲ್ಲಿ ದೇಶಗಳ ಮನೆಗಳಲ್ಲಿ ದುಡಿಯುವ ಹೆಂಗಸರು ಗಂಡ ಮಕ್ಕಳನ್ನು ಬಿಟ್ಟು ಒಬ್ಬರೇ ವಿಮಾನ ಹತ್ತಿದವರು. ಅನೇಕರ ಪಾಸ್‌ಪೋರ್ಟು ಮಾಲೀಕನ ಕಪಾಟಿನಲ್ಲಿರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಅಂಗೀಕರಿಸಿದ 189ನೆಯ ಒಡಂಬಡಿಕೆ ಎರಡು ಸರಳ ಮಾತುಗಳನ್ನು ಹೇಳುತ್ತದೆ. ಮನೆಕೆಲಸದವರ ಪ್ರಯಾಣದ ಕಾಗದಪತ್ರಗಳು ಅವರ ಬಳಿಯೇ ಇರಬೇಕು. ರಜೆಯ ದಿನಗಳಲ್ಲಿ ಅವರನ್ನು ಮಾಲೀಕನ ಮನೆಯಲ್ಲೇ ಉಳಿಯುವಂತೆ ಮಾಡಬಾರದು. ಭಾರತವಾಗಲಿ ಕೊಲ್ಲಿ ದೇಶಗಳಾಗಲಿ ಇದನ್ನು ಇನ್ನೂ ಅನುಮೋದಿಸಿಲ್ಲ.

ಸಂಬಳಸಹಿತ ರಜೆ ಯಾರೂ ಕೊಟ್ಟ ದಾನವಲ್ಲ. 1936ರಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳಲ್ಲಿ ಕುಳಿತು ಮುಷ್ಕರ ಹೂಡಿ ಎರಡು ವಾರಗಳ ರಜೆಯನ್ನು ಕಾನೂನಾಗಿ ಪಡೆದರು. ಆ ಬೇಸಿಗೆಯಲ್ಲಿ ಎಷ್ಟೋ ಮಂದಿ ಮೊದಲ ಬಾರಿಗೆ ಕಡಲನ್ನು ಕಂಡರು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೆಯ ವಿಧಿ ವಿಶ್ರಾಂತಿ, ವಿರಾಮ ಮತ್ತು ಸಂಬಳಸಹಿತ ರಜೆಯನ್ನು ಎಲ್ಲರ ಹಕ್ಕೆಂದು ಸಾರಿತು. ಅದೇ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದಿದ್ದುದನ್ನು ‘ಎಲ್ಲ ಮಾನವರು’ ಎಂದು ತಿದ್ದಿಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಆದರೆ ಮಾಲೀಕನಿದ್ದವರು ರಜೆ ಕೇಳಬಹುದು. ಮನೆಯೊಳಗೆ ಸಂಬಳವಿಲ್ಲದೆ ದುಡಿಯುವವಳು ರಜೆಯ ಅರ್ಜಿಯನ್ನು ಯಾರಿಗೆ ಕೊಡಬೇಕು?

ಆ ಅರ್ಜಿಯನ್ನು ಸ್ವೀಕರಿಸಬೇಕಾದವರು ಈ ಸಭೆಯಲ್ಲಿಯೂ ಇದ್ದಾರೆ. ಮುಂದಿನ ಬಾರಿ ತಾಯಿಗೋ ಅತ್ತೆಗೋ ಟಿಕೆಟ್ ತೆಗೆಯುವಾಗ ಹದಿನೈದು ದಿನಗಳನ್ನು ಆಕೆಯ ಹೆಸರಿಗೇ ಬಿಟ್ಟುಕೊಡಬಹುದು. ಎಲ್ಲಿಗೆಂದು ಆಕೆಯೇ ನಿರ್ಧರಿಸಲಿ. ಜೊತೆಗೆ ಯಾರಾದರೂ ಬರಬೇಕೇ ಬೇಡವೇ ಎಂಬುದನ್ನೂ ಆಕೆಯೇ ಹೇಳಲಿ. ಆ ಹದಿನೈದು ದಿನ ಮಗುವಿನ ಬಟ್ಟೆ ಬದಲಿಸುವ, ಕುಕ್ಕರ್ ಇಡುವ ಕೆಲಸ ಮಗನದೋ ಅಳಿಯನದೋ ಆಗಲಿ. ಅದನ್ನು ಇನ್ನೊಬ್ಬ ಬಡವಳ ರಜೆಯನ್ನು ಕಿತ್ತುಕೊಂಡು ಸರಿದೂಗಿಸಿದರೆ ಭಾರ ಹೆಗಲು ಬದಲಿಸಿತಷ್ಟೇ. ಮನೆಕೆಲಸದವರ ಪಾಸ್‌ಪೋರ್ಟನ್ನು ಕಪಾಟಿನಲ್ಲಿಟ್ಟವರು ಪರಿಚಯದಲ್ಲಿದ್ದರೆ, ಅದನ್ನು ಹಿಂತಿರುಗಿಸಿರೆಂದು ಹೇಳುವುದೂ ಇದೇ ಕೆಲಸದ ಭಾಗ.

ಒಂಟಿಯಾಗಿ ಹೊರಟವಳು ದಾರಿ ತಪ್ಪಬಹುದು, ಭಾಷೆ ತಿಳಿಯದೆ ತಬ್ಬಿಬ್ಬಾಗಬಹುದು. ಗಂಡಸರೂ ತಪ್ಪಿದ್ದಾರೆ, ಮರಳಿ ಬಂದು ಪ್ರವಾಸಕಥನ ಬರೆದಿದ್ದಾರೆ. ಆಕೆಯ ಸುರಕ್ಷತೆಗಾಗಿ ಬಸ್ಸಿನ ಹೊತ್ತು, ಉಳಿಯುವ ಜಾಗ, ಕೈಯಲ್ಲಿರುವ ದುಡ್ಡು, ಫೋನಿನ ಸಿಮ್, ಇವನ್ನೆಲ್ಲ ಅವಶ್ಯವಾಗಿ ವಿಚಾರಿಸಿರಿ. ಏಕೆ ಹೋಗುತ್ತೀ ಎಂಬುದೊಂದನ್ನು ಕೇಳದಿರಿ. ಇಡಾ ಫೈಫರ್ ಹೇಳಿದ ಸುಳ್ಳಿಗೆ ಇನ್ನೆರಡು ದಶಕಗಳೊಳಗೆ ಇನ್ನೂರು ವರ್ಷ ತುಂಬುತ್ತದೆ. ಅಷ್ಟರೊಳಗಾದರೂ ಕನ್ನಡದ ಮನೆಯೊಂದರಿಂದ ಹೊರಡುವ ಹೆಂಗಸಿಗೆ ಅಂಥ ಸುಳ್ಳಿನ ಅಗತ್ಯ ಬೀಳದಿರಲಿ.