ಮನೆ ಬಿಟ್ಟು ಬರಲಾಗದವರ ಕೂಪನ್

ಸಹೋದರರೇ, ಸೂಪರ್ ಮಾರ್ಕೆಟ್‌ನ ಕೆಲವು ರಿಯಾಯಿತಿ ಕೂಪನ್‌ಗಳು ಅಂಗಡಿಗೆ ಬಂದು ಖರೀದಿಸುವವರಿಗೆ ಮಾತ್ರ. ಹಾಸಿಗೆ ಹಿಡಿದವರಿಗೆ, ನಡೆಯಲಾಗದವರಿಗೆ ಅದು ಬರೀ ಕಾಗದ. ಆದರೂ ರಿಯಾಯಿತಿ ವ್ಯಾಪಾರಿಯ ಔದಾರ್ಯ. ಶರತ್ತು ಹಾಕಿದ್ದನ್ನೇ ಅನ್ಯಾಯವೆಂದು ನಾವು ಹೇಳಲಾರೆವು. ಫೋನಿನಲ್ಲಿ ತರಿಸಿಕೊಳ್ಳುವ ಅಂಗವಿಕಲರಿಗೂ ಅದೇ ಬೆಲೆ ಹಾಕಿದರೆ ಅವನಿಗೆಷ್ಟು ನಷ್ಟವಾದೀತು?

ಝಕಾತ್ ಹಣದ ರೇಶನ್ ಕೂಪನ್ ಮಾತ್ರ ಹಾಗಲ್ಲ. ಅದು ಬಡವರ ಹಕ್ಕು. ‘ಖುದ್ದಾಗಿ ಬಂದು ಪಡೆಯಿರಿ’ ಎಂದು ಅದರ ಮೇಲೆ ಬರೆದರೆ ಹಕ್ಕುದಾರರನ್ನೇ ಹೊರಗಿಟ್ಟಂತೆ. ಹಸಿದ ಮಕ್ಕಳ ಬಳಿಗೆ ಖಲೀಫಾ ಉಮರ್(ರ) ರಾತ್ರಿ ಹಿಟ್ಟಿನ ಚೀಲವನ್ನು ಸ್ವತಃ ಬೆನ್ನ ಮೇಲೆ ಹೊತ್ತೊಯ್ದ ಘಟನೆ ನಮಗೆಲ್ಲ ಗೊತ್ತು. ನಮ್ಮ ಮೊಹಲ್ಲಾದಲ್ಲಿ ಬೈಕ್ ಇರುವ ಯುವಕರಿಗಂತೂ ಕೊರತೆಯಿಲ್ಲ. ರಮಝಾನ್‌ಗೆ ಮುನ್ನ ಇಂಥವರ ಹೆಸರುಗಳನ್ನು ಜಮಾಅತ್ ಕಚೇರಿಗೆ ತಿಳಿಸಿ.